ಕೂಗದವರ ಮನೆಯ ಕೆಲಸ

ನಮ್ಮ ಕಂಪನಿಯ ಬಗ್ಗೆ ಜನ ಇಂಟರ್‌ನೆಟ್ಟಿನಲ್ಲಿ ಬರೆಯುವುದನ್ನು ಓದಿ ಉತ್ತರ ಕೊಡುವುದು ನನ್ನ ಕೆಲಸ. ನಮ್ಮ ಗಾಡಿಯ ನೆರಳು ಹೂವಿನ ಪಾತಿಯ ಮೇಲೆ ಬಿತ್ತೆಂದು ಒಬ್ಬ ಮಹಾರಾಯ ಎರಡೇ ಸ್ಟಾರ್ ಕೊಟ್ಟಿದ್ದಾನೆ. ಇನ್ನೊಬ್ಬಳಿಗೆ ಕೆಲಸದವರು ಹಾಕಿಕೊಂಡ ಹಾಡು ಹಿಡಿಸಲಿಲ್ಲ. ಇಂಥವರಿಗೂ ನಾನು ಜೇನು ಸುರಿಸಿ ಬರೆಯುತ್ತೇನೆ. ಆ ಜೇನು ಅವರಿಗಲ್ಲ, ನಾಳೆ ಸ್ನಾನದ ಮನೆ ಒಡೆಸಿ ಹೊಸದು ಕಟ್ಟಿಸಬೇಕೆಂದು ಫೋನ್ ಹಿಡಿದು ಕೂತವರಿಗೆ. ಅಮೆರಿಕದ ನಮ್ಮ ಈ ಎರಿ ಊರಿನಲ್ಲಿ ಹಿಮ ಕರಗಿತೆಂದರೆ ಅರ್ಧ ಊರು ಹಾಗೆ ಕೂತಿರುತ್ತದೆ. ಆಗ ಮೇಲುಗಡೆ ಒಂದು ಸ್ಟಾರ್ ಕಂಡರೆ ನಮ್ಮ ಫೋನು ಬಾಯಿ ಮುಚ್ಚಿಕೊಳ್ಳುತ್ತದೆ.

ಕಂಪನಿ ಅಪ್ಪ ಕಟ್ಟಿದ್ದು, ನಡೆಸುವವನು ಅಣ್ಣ ವಾಲ್ಟ್. ಟೈಲ್ಸ್ ಕೂರಿಸುವುದರಲ್ಲಿ ಅವನಿಗೆ ಸಾಟಿಯಿಲ್ಲ. ಕೋಪ ಮಾತ್ರ ಮೂಗಿನ ತುದಿಯಲ್ಲಿ. ಅದಕ್ಕೇ ರಿವ್ಯೂಗಳ ತಂಟೆಗೆ ಬರಕೂಡದೆಂದು ಅವನಿಗೆ ಕಟ್ಟಪ್ಪಣೆ ಮಾಡಿದ್ದೆ. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ, ನಾನು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗ, ಅವನು ಅದನ್ನು ಮೀರಿದ.

ಬರೆದಿದ್ದವರು ಆರ್ಡಿತ್ ಹ್ಯಾಸ್ಕೆಲ್ ಎಂಬ ವಯಸ್ಸಾದ ಹೆಂಗಸು. ಅವರ ಗಂಡ ವರ್ನನ್‌ಗೆ ಸೊಂಟ ಹೋಗಿ, ಟಬ್ಬಿನ ಅಂಚು ದಾಟಲು ಕಾಲೆತ್ತಲಾಗುತ್ತಿರಲಿಲ್ಲ. ಹಳೆಯ ಟಬ್ಬು ಕಿತ್ತು, ಕೂತು ಸ್ನಾನ ಮಾಡುವಂತೆ ಕಟ್ಟೆ, ಗೋಡೆಗೆ ಹಿಡಿಕಂಬಿ, ಗಾಜಿನ ಬಾಗಿಲು ಹಾಕುವ ಕೆಲಸ ನಮ್ಮದಾಗಿತ್ತು. ಅವರು ಒಂದು ಸ್ಟಾರ್ ಕೊಟ್ಟು ಹೀಗೆ ಬರೆದಿದ್ದರು: “ಕೆಲಸ ಅಚ್ಚುಕಟ್ಟಾಗಿದೆ. ಆದರೆ ಫೆಬ್ರವರಿಗೆ ಮುಗಿಸುತ್ತೇವೆಂದವರು ಮಾರ್ಚ್ ಕೊನೆಗೆ ಮುಗಿಸಿದರು. ವರ್ನನ್ ಅಲ್ಲಿ ಒಂದು ದಿನವೂ ಸ್ನಾನ ಮಾಡಲಿಲ್ಲ.”

ಅದರ ಕೆಳಗೆ ವಾಲ್ಟ್ ಗಾಡಿಯಲ್ಲಿ ಕೂತೇ ಕುಟ್ಟಿದ್ದ: “ಗಾಜು ಕಾರ್ಖಾನೆಯಿಂದ ತಡವಾಗಿ ಬಂತು, ಅದಕ್ಕೆ ನಾವು ಹೊಣೆಯಲ್ಲ. ವರ್ನನ್ ಮೊದಲು ಒಂದು ಸಲ ಸ್ನಾನ ಮಾಡಿ ನೋಡಲಿ, ಆಮೇಲೆ ಸ್ಟಾರ್ ಕೊಡಲಿ.”

ನಾನು ಆಫೀಸಿಗೆ ಮರಳಿ ಕೋಟು ಬಿಚ್ಚುವಷ್ಟರಲ್ಲಿ ಹ್ಯಾಸ್ಕೆಲ್‌ರ ಪಕ್ಕದ ಮನೆಯ ಜೆರಿ ಫೋನ್ ಮಾಡಿದಳು. ಕೆಲಸದ ಕೊನೆಯ ವಾರ ನಮ್ಮವರಿಗೆ ಆ ಮನೆಯ ಬೀಗದ ಕೈ ಕೊಡುತ್ತಿದ್ದವಳು ಅವಳೇ. ಹ್ಯಾಸ್ಕೆಲ್ ದಂಪತಿ ಊರಲ್ಲಿಲ್ಲವೆಂದು ನಮ್ಮ ಹುಡುಗರು ತಿಳಿದುಕೊಂಡಿದ್ದರು. ಅವರಿದ್ದದ್ದು ಆಸ್ಪತ್ರೆಯಲ್ಲಿ. ವರ್ನನ್ ಅಲ್ಲಿಂದ ಮನೆಗೆ ಬರಲಿಲ್ಲ, ಈಸ್ಟರ್‌ಗೆ ಮುಂಚೆಯೇ ಮಣ್ಣು ಮಾಡಿದರು ಎಂದಳು. “ಸತ್ತವನಿಗೆ ಸ್ನಾನ ಮಾಡು ಅಂತೀರಲ್ಲ, ನಿಮಗೇನಾದ್ರೂ ಮನುಷ್ಯತ್ವ ಇದೆಯಾ?” ಎಂದು ಕೇಳಿ ಫೋನಿಟ್ಟಳು.

ವಾಲ್ಟ್‌ಗೆ ಹೇಳಿದೆ. ಅವನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತುಬಿಟ್ಟ. ನನಗೆ ಅವನ ಮೇಲೆ ಮೈಯೆಲ್ಲ ಉರಿಯುತ್ತಿತ್ತು, ಅಯ್ಯೋ ಅಂತಲೂ ಅನ್ನಿಸುತ್ತಿತ್ತು. ಮೊದಲು ಆ ದರಿದ್ರ ಮಾತನ್ನು ಅಳಿಸಿದೆ. ಆಮೇಲೆ ಕಸುಬಿನ ಬುದ್ಧಿ ಓಡಿತು. ಸಂತಾಪದ ನಾಲ್ಕು ಸಾಲು ಬರೆಯೋಣ, ಗಾಜಿನ ಮಾತು ಹಾಗೇ ಇರಲಿ, ತಪ್ಪು ಕಾರ್ಖಾನೆಯ ತಲೆಗೆ ಹೋಗುತ್ತದೆ ಎಂದೆ.

“ಗಾಜು ತಡ ಆಗಿರ್ಲಿಲ್ಲ ಕಣೇ,” ಎಂದ. “ಫೆಬ್ರವರಿಯಲ್ಲೇ ನಮ್ಮ ಶೆಡ್ಡಿಗೆ ಬಂದಿತ್ತು.”

ಆಗ ಬಾಯಿ ಬಿಟ್ಟ. ಕೆರೆದಂಡೆಯ ದೊಡ್ಡ ಮನೆಯ ಡನ್‌ಲಪ್ ಆ ದಿನಗಳಲ್ಲಿ ಬೆಳಿಗ್ಗೆ ಸಂಜೆ ಫೋನ್ ಮಾಡಿ ಕೂಗಾಡುತ್ತಿದ್ದ, ತನ್ನ ಅಡುಗೆಮನೆ ಕೂಡಲೇ ಮುಗಿಯದಿದ್ದರೆ ಒಂದು ಸ್ಟಾರ್ ಹಾಕಿ ಊರಿಗೆಲ್ಲ ಸಾರುತ್ತೇನೆಂದು ಹೆದರಿಸುತ್ತಿದ್ದ. ವಾಲ್ಟ್ ಹ್ಯಾಸ್ಕೆಲ್ ಮನೆಯಿಂದ ಎಲ್ಲರನ್ನೂ ಎಬ್ಬಿಸಿ ಅಲ್ಲಿಗೆ ಓಡಿಸಿದ. ಡನ್‌ಲಪ್ ಐದು ಸ್ಟಾರ್ ಕೊಟ್ಟ, ‘ಹೇಳಿದ ಮಾತಿಗೆ ತಪ್ಪದವರು’ ಎಂದೂ ಬರೆದ. ಅದನ್ನು ನಾನು ಹೆಮ್ಮೆಯಿಂದ ನಮ್ಮ ಪುಟದ ನೆತ್ತಿಯ ಮೇಲೆ ಅಂಟಿಸಿದ್ದೆ. ಈಗಲೂ ಅದು ಅಲ್ಲಿ ಹಲ್ಲು ಕಿರಿಯುತ್ತಿತ್ತು.

ಹೋಗಿ ಕ್ಷಮೆ ಕೇಳುತ್ತೇನೆಂದು ವಾಲ್ಟ್ ಎದ್ದ. ಅವನ ಬಾಯಿಯ ಮೇಲೆ ನನಗೆ ನಂಬಿಕೆಯಿರಲಿಲ್ಲ, ಜೊತೆಗೆ ನಾನೂ ಹೋದೆ.

ಮಿಸೆಸ್ ಹ್ಯಾಸ್ಕೆಲ್ ನಮ್ಮನ್ನು ಅಡುಗೆಮನೆಯಲ್ಲಿ ಕೂರಿಸಿ, ಕೇಳದೆಯೇ ಕಾಫಿ ಬಗ್ಗಿಸಿದರು. ವಾಲ್ಟ್ ತಾನು ಬರೆದದ್ದಕ್ಕೆ ಕ್ಷಮೆ ಕೇಳಿದ. ಅವರು ಅದನ್ನು ನೊಣ ಓಡಿಸಿದಂತೆ ಕೈಯಿಂದ ಸರಿಸಿದರು. ಅವರ ಮನಸ್ಸಿನಲ್ಲಿದ್ದದ್ದು ಬೇರೆ. ಸ್ನಾನದ ಮನೆ ಒಡೆದು ಬಿದ್ದಿದ್ದಷ್ಟು ದಿನ ವರ್ನನ್‌ನನ್ನು ಈ ಅಡುಗೆಮನೆಯಲ್ಲೇ, ಸಿಂಕಿನ ಹತ್ತಿರ ಕುರ್ಚಿ ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರಂತೆ. ತಲೆಯ ಮೇಲೆ ಬಿಸಿನೀರು ಬೀಳಬೇಕೆಂಬುದೊಂದೇ ಅವನ ಆಸೆ. ದಿನಾ ಕೇಳುತ್ತಿದ್ದನಂತೆ.

“ಗಾಜು ಎಲ್ಲಿಂದ ಬರೋದಿತ್ತು?” ಎಂದು ಕೇಳಿದರು. “ಅಷ್ಟು ದೂರವಾ?”

ನಾನು ಮೇಜಿನ ಕೆಳಗೆ ವಾಲ್ಟ್‌ನ ಕಾಲು ತುಳಿದೆ. ಇದು ಸುಳ್ಳೇ ದಯೆಯಾಗುವ ಜಾಗ ಎಂದು ನನಗನಿಸಿತ್ತು. ಅವನು ಕಾಲು ಎಳೆದುಕೊಂಡ.

“ದೂರ ಏನಿಲ್ಲ, ಮಿಸೆಸ್ ಹ್ಯಾಸ್ಕೆಲ್. ನಮ್ಮ ಶೆಡ್ಡಲ್ಲೇ ಇತ್ತು. ಇನ್ನೊಬ್ಬರು ಕೆಟ್ಟದಾಗಿ ಬರೀತೀನಿ ಅಂತ ಕೂಗಾಡಿದ್ರು, ಅವರ ಮನೆಗೆ ಹೋದ್ವಿ. ನೀವು ಕೂಗಲಿಲ್ಲ.”

ಅವರು ವಾಲ್ಟ್‌ನ ಕಪ್ಪಿಗೆ ಮತ್ತಷ್ಟು ಕಾಫಿ ಬಗ್ಗಿಸಿದರು. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ವರ್ನನ್ ಹೇಳ್ತಾನೇ ಇದ್ದ, ಫೋನ್ ಮಾಡಿ ಜೋರು ಮಾಡೇ ಅಂತ,” ಎಂದರು. “ಪಾಪ, ಅವರೂ ದುಡಿಯೋರು, ಚಳೀಲಿ ಒದ್ದಾಡ್ತಿರ್ತಾರೆ ಅಂತ ನಾನೇ ಸುಮ್ಮನಿದ್ದೆ. ಈಗಲೂ ನೋಡಿ, ನಾನು ಆ ಒಂದು ಸ್ಟಾರ್ ಹಾಕಿದ ಮೇಲೆ ತಾನೇ ನೀವು ಬಂದಿದ್ದು.”

ವಾಲ್ಟ್‌ನ ಕಣ್ಣು ತುಂಬಿತು. ಅಪ್ಪ ಸತ್ತಾಗಲೂ ಅವನು ಅತ್ತದ್ದನ್ನು ನಾನು ಕಂಡಿರಲಿಲ್ಲ. ಅವರು ನಮ್ಮನ್ನು ಬಾಗಿಲವರೆಗೆ ಕಳಿಸಲು ಬಂದರು, ಮೆಟ್ಟಿಲು ಒದ್ದೆಯಿದೆ, ಜೋಪಾನ ಎಂದರು. ಕ್ಷಮಿಸಿದ್ದೇನೆ ಎನ್ನಲಿಲ್ಲ. ರಿವ್ಯೂ ಬದಲಿಸುತ್ತೀರಾ ಎಂದು ಕೇಳುವುದು ನಮ್ಮ ಕಸುಬಿನಲ್ಲಿ ರೂಢಿ. ನಾವು ಕೇಳಲಿಲ್ಲ.

ಗಾಡಿಯಲ್ಲಿ ಕೂತು, ಆ ರಿವ್ಯೂ ಕೆಳಗೆ ಹಾಕಲೆಂದು ವಾಲ್ಟ್ ಹೇಳುತ್ತ ಹೋದ, ನಾನು ಬರೆದುಕೊಂಡೆ. “ಗಾಜು ಸಮಯಕ್ಕೇ ಬಂದಿತ್ತು. ನಾನು ಸುಳ್ಳು ಹೇಳಿದೆ. ಕೂಗಾಡಿದವರ ಮನೆಗೆ ಮೊದಲು ಹೋದೆವು, ತಾಳ್ಮೆಯಿಂದ ಇದ್ದವರನ್ನು ಕಾಯಿಸಿದೆವು. ಅಷ್ಟರಲ್ಲಿ ವರ್ನನ್ ಹ್ಯಾಸ್ಕೆಲ್ ತೀರಿಕೊಂಡರು. ಮಿಸೆಸ್ ಹ್ಯಾಸ್ಕೆಲ್ ಕೊಟ್ಟ ಸ್ಟಾರ್ ಸರಿಯಾಗಿದೆ. ವಾಲ್ಟ್ ಪ್ರುಕ್ನಿಕ್.”

ಇದನ್ನು ಹಾಕಿದರೆ ಈ ಬೇಸಿಗೆ ನಮಗೆ ಕೆಲಸ ಸಿಗುವುದಿಲ್ಲವೆಂದೆ. ಗೊತ್ತು ಎಂದ. ಕೂಗಾಡಿದವರ ಮಾತನ್ನಾದರೂ ತೆಗೆಯೋಣ, ನಾಳೆಯಿಂದ ಊರಿನವರೆಲ್ಲ ಕೂಗಲು ಕಲಿಯುತ್ತಾರೆ ಎಂದೆ.

“ಕಲೀಲಿ ಬಿಡೇ,” ಎಂದ. “ಮಿಸೆಸ್ ಹ್ಯಾಸ್ಕೆಲ್ ಒಂದು ಸಲ ಕೂಗಿದ್ದಿದ್ರೆ ಅವನ ಸ್ನಾನ ಆಗ್ತಿತ್ತು.”

ಒಂದಕ್ಷರ ತಿದ್ದದೆ ಹಾಕಿದೆ. ಗಾಡಿ ಇನ್ನೂ ಅವರ ಮನೆಯ ಮುಂದೆಯೇ ನಿಂತಿತ್ತು. ಅಡುಗೆಮನೆಯ ಕಿಟಕಿಯೊಳಗೆ ಮಿಸೆಸ್ ಹ್ಯಾಸ್ಕೆಲ್ ಸಿಂಕಿನ ಮುಂದೆ ನಿಂತು ನಮ್ಮ ಕಪ್ಪುಗಳನ್ನು ತೊಳೆಯುತ್ತಿದ್ದರು.