ಹಾಲು ಹೇಗಿದೆ

ಚಳಿ ಆ ವರ್ಷ ತಡವಾಗಿ ಬಂದರೂ ಒಮ್ಮೆಲೇ ಬಂದಿತ್ತು. ಗ್ಯಾಸ್ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಬೆಳಗಿನ ಪಾಳಿಗೆ ಕೂತ ಲೈನಮ್ಮ ಕಿಟಕಿಯಾಚೆ ನೋಡಿದಳು. ಹೊಲಗಳ ಮೇಲಿನ ಮಂಜು ಇನ್ನೂ ಎದ್ದಿರಲಿಲ್ಲ. ನೆಲದಡಿಯಲ್ಲಿ ಗ್ಯಾಸಿನ ಕೊಳವೆ ಹೋಗುವ ಗುರುತಿಗೆ ನೆಟ್ಟ ಹಳದಿ ಕಂಬಗಳ ತಲೆ ಮಾತ್ರ ಕಾಣುತ್ತಿತ್ತು. ಊರಿನ ಒಲೆಗಳೆಲ್ಲ ಹೊತ್ತಿಕೊಳ್ಳುತ್ತಿದ್ದ ಹಾಗೆ ಅವಳ ಮುಂದಿನ ಪರದೆಯಲ್ಲಿ ಅಂಕಿಗಳು ಇಳಿಯುತ್ತಿದ್ದವು. ಪೂರ್ವದ ಲೈನಿನ ಒತ್ತಡವನ್ನು ತುಸು ಏರಿಸಿ, ಶಾಲು ಬಿಗಿದುಕೊಂಡು ಕೂತಳು. ಈ ಕುರ್ಚಿಗೆ ಬಂದಾಗಿನಿಂದ ಅವಳನ್ನು ಯಾರೂ ಹೆಸರು ಹಿಡಿದು ಕರೆದಿರಲಿಲ್ಲ. ಎಲ್ಲರಿಗೂ ಅವಳು ಲೈನಮ್ಮ.

ಮೇಲ್ವಿಚಾರಕ ಚಹಾದ ಲೋಟ ಹಿಡಿದು ಬಂದ.

"ಲೈನಮ್ಮ, ಒಂದು ವಿಷ್ಯ. ಇಲ್ಲಿನ ಸುದ್ದಿ ಸೋರ್ತಿದೆ ಅಂತ ಗ್ಯಾಸ್ ದರ ಆಯೋಗದೋರು ಗರಂ ಆಗಿದಾರೆ. ಇವತ್ತಿಂದ ಈ ರೂಮಿನ ಫೋನ್ ರೆಕಾರ್ಡೆಲ್ಲ ಸಂಜೆ ಅವರಿಗೆ ಹೋಗುತ್ತೆ. ಕೂತು ಪೂರ್ತಿ ಕೇಳ್ತಾರಂತೆ. ನಮ್ಮ ಮಾತು ಕೇಳೋಕೂ ಸಂಬಳ ಕೊಡೋ ಜನ ಇದಾರೆ ನೋಡಿ! ನನ್ನ ಹೆಂಡತಿ ಬಿಟ್ಟಿ ಅಂದ್ರೂ ಕೇಳಲ್ಲ."

ಲೈನಮ್ಮ ಗೋಡೆಯ ಕಡೆ ಕಣ್ಣಲ್ಲೇ ತೋರಿಸಿದಳು. "ಆ ಕಡೆಯೋರಿಗೆ ಗೊತ್ತಾ?"

"ಹೇಗೆ ಹೇಳೋದು? ಇಲ್ಲಿಂದ ಅಲ್ಲಿಗೆ ಮಾತು ಹೋದ್ರೆ ಅದೇ ತಪ್ಪು."

ಎರಡು ವರ್ಷದ ಹಿಂದೆ ಆಯೋಗ ಕಂಪನಿಯನ್ನು ಎರಡಾಗಿ ಒಡೆಸಿತ್ತು. ಗ್ಯಾಸ್ ಸಾಗಿಸುವುದಕ್ಕೆ ಒಂದು, ಮಾರುವುದಕ್ಕೆ ಇನ್ನೊಂದು. ಸಾಗಣೆಯ ದರ ಎಲ್ಲ ಮಾರಾಟಗಾರರಿಗೂ ಒಂದೇ. ಕೊಳವೆಯಲ್ಲಿ ಎಷ್ಟು ಜಾಗ ಉಳಿದಿದೆ ಎಂಬುದೂ ಎಲ್ಲರಿಗೂ ಒಂದೇ ಗಳಿಗೆಯಲ್ಲಿ, ಹೊರಗಿನ ಬೋರ್ಡಿನ ಮೇಲೆ ತಿಳಿಯಬೇಕು. ಅದಕ್ಕಾಗಿ ಹಳೆಯ ಕಚೇರಿಯ ನಟ್ಟನಡುವೆ ಗೋಡೆ ಎದ್ದಿತು. ಆಚೆ ಬದಿಯಲ್ಲಿ ಮಾರಾಟದ ಮುಖ್ಯಸ್ಥನಾಗಿ ಕೂತವನು ಲೈನಮ್ಮನ ಮೈದುನ.

"ಇನ್ಮೇಲೆ ಈ ಗೋಡೆಗೆ ಕಿವಿನೂ ಇಲ್ಲ, ಬಾಯಿನೂ ಇಲ್ಲ" ಎಂದು ಮೊದಲ ದಿನ ಎಲ್ಲರನ್ನೂ ನಿಲ್ಲಿಸಿ ಭಾಷಣ ಬಿಗಿದವನೂ ಅವನೇ. ವಾರ ಕಳೆಯುವುದರೊಳಗೆ ಫೋನಿನಲ್ಲಿ ಕೇಳಿದ್ದ: "ಅತ್ತಿಗೆ, ಹಾಲು ಹೇಗಿದೆ?" ಉಕ್ಕುತ್ತಿದೆ ಎಂದರೆ ಲೈನು ತುಂಬಿದೆ, ತಳ ಕಂಡಿದೆ ಎಂದರೆ ಜಾಗ ಬೇಕಾದಷ್ಟಿದೆ. ಬೋರ್ಡಿಗೆ ಏರುವ ಮುನ್ನವೇ ಆ ಜಾಗವನ್ನೆಲ್ಲ ಅವನು ಹಿಡಿದುಬಿಡುತ್ತಿದ್ದ. ಬ್ರೆಡ್ಡಿನ ಭಟ್ಟಿಯವರು, ಬಣ್ಣದ ಕಾರ್ಖಾನೆಯವರು ಕೊನೆಗೆ ಅವನ ಬಾಗಿಲಿಗೇ ಬಂದು ಅವನು ಬಾಯಿಗೆ ಬಂದಂತೆ ಹೇಳಿದ ಬೆಲೆ ಕೊಡುತ್ತಿದ್ದರು.

ಅವಳು ಹೇಳಿದ್ದು ಗಂಡನಿಗಾಗಿ. ಗಂಡ ಲೈನು ಕಾಯುವವನು; ಹಳದಿ ಕಂಬದಿಂದ ಕಂಬಕ್ಕೆ ನಡೆದು, ಬಗ್ಗಿ ಮೂಸಿ, ಸೋರಿಕೆ ಹುಡುಕುತ್ತಿದ್ದ. "ಅಣ್ಣನ ಕೆಲಸದ ಚಿಂತೆ ನನಗೆ ಬಿಡಿ" ಎಂದಿದ್ದ ಮೈದುನ. ಮರುವರ್ಷ ಎರಡೂ ಕಡೆ ಜನರನ್ನು ಕೆಲಸದಿಂದ ತೆಗೆಯುವ ಸಮಿತಿಯಲ್ಲಿ ಅವನೇ ಕೂತ. ಮೊದಲು ಹೋದದ್ದು ತನ್ನನ್ನು ಹೆಗಲ ಮೇಲೆ ಹೊತ್ತು ಸಾಕಿದ ಅಣ್ಣನೇ. "ನಮ್ಮೋರನ್ನೇ ಮೊದಲು ತೆಗೆದ್ರೆ ಬೇರೆಯೋರು ಬಾಯಿ ಬಿಡಲ್ಲ ಅತ್ತಿಗೆ" ಎಂದು ಅವಳ ಮನೆಯಲ್ಲೇ ಕೂತು, ಅವಳು ಕೊಟ್ಟ ಕಾಫಿ ಕುಡಿಯುತ್ತ ಹೇಳಿದ್ದ.

ಅವಳು ಜಗಳವಾಡಲಿಲ್ಲ. ಹಾಲಿನ ಸುದ್ದಿ ಕೊಡುತ್ತಲೇ ಹೋದಳು. ಗಂಡ ಈಗಲೂ ದಿನಾ ಬೆಳಿಗ್ಗೆ ಎದ್ದು, ಯಾರೂ ಹೇಳದಿದ್ದರೂ, ಕಂಬಗಳ ಗುಂಟ ನಡೆಯುತ್ತಿದ್ದ. ಕಿಟಕಿಯಾಚೆ ಮಂಜಿನಲ್ಲಿ ಅವನ ಟೊಪ್ಪಿಗೆ ಒಮ್ಮೆ ಕಂಡು ಮರೆಯಾಯಿತು.

ಬೋರ್ಡಿಗೆ ಹಾಕುವ ಹೊತ್ತು ಹತ್ತಿರವಾಗುತ್ತಿದ್ದಂತೆ ಫೋನು ಹೊಡೆದುಕೊಂಡಿತು.

"ಅತ್ತಿಗೆ, ಹಾಲು ಹೇಗಿದೆ?"

"ಯಾವ ಹಾಲಪ್ಪಾ?"

ಅವನು ನಕ್ಕ. "ಅದೇ, ಬೆಳಗಿನ ಹಾಲು."

"ನಮ್ಮನೆಗೆ ಹಾಲು ನಿಲ್ಲಿಸಿ ವರ್ಷ ಆಯ್ತಲ್ಲ. ನಿಮ್ಮಣ್ಣನ ಕೆಲಸ ಹೋದ್ಮೇಲೆ ಕರಿ ಕಾಫಿನೇ."

"ಅಯ್ಯೋ, ತಮಾಷೆಗೆ ಹೊತ್ತಲ್ಲ ಅತ್ತಿಗೆ. ಚಳಿ ಬಿದ್ದಿದೆ, ಗಿರಾಕಿಗಳೆಲ್ಲ ಬಾಯಿ ಬಿಟ್ಕೊಂಡು ಕೂತಿದಾರೆ. ಉಕ್ತಿದೆಯಾ, ತಳ ಕಂಡಿದೆಯಾ?"

"ಯಾವ ಪಾತ್ರೆ ಅಂತ ಹೇಳಿದ್ರೆ ತಾನೇ ನಾನು ನೋಡೋದು?"

"ಪೂರ್ವದ ಲೈನು ಕಣ್ರೀ! ಜಾಗ ಎಷ್ಟಿದೆ? ಬೋರ್ಡಿಗೆ ಹಾಕೋ ಮುಂಚೆ ನಂಗೆ ಬೇಕು. ದಿನಾ ಹೇಳೋದನ್ನ ಇವತ್ತೇನು ಆಟ ಆಡಿಸ್ತಿದೀರಾ?"

ದಿನಾ ಹೇಳೋದನ್ನ. ಆ ಮಾತು ಬಂದೇ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಫೋನಿನ ಪಕ್ಕದಲ್ಲಿ ರೆಕಾರ್ಡಿನ ಕೆಂಪು ದೀಪ ಉರಿಯುತ್ತಿತ್ತು. ಬೋರ್ಡು ನೋಡ್ಕೊ ಎಂದು ಅಲ್ಲಿಗೇ ಫೋನು ಇಟ್ಟುಬಿಡಬಹುದಿತ್ತು. ಇಟ್ಟರೆ ಅವಳ ಮೇಲೆ ಅನುಮಾನವಷ್ಟೇ, ಕೆಲಸ ಉಳಿಯುತ್ತಿತ್ತು. ಆದರೆ ಅದೇ ಅನುಮಾನದ ಲಾಭದಲ್ಲಿ ಅವನೂ ಪಾರಾಗುತ್ತಿದ್ದ.

"ಹೌದಪ್ಪ" ಎಂದಳು, ಒಂದೊಂದೇ ಮಾತು ಬಿಡಿಸಿ. "ದಿನಾ ಹೇಳ್ತಿದ್ದೆ. ಗೋಡೆ ಕಟ್ಟಿದ ವಾರದಿಂದ. ನೀನು ಕೇಳ್ತಿದ್ದೆ, ನಾನು ಹೇಳ್ತಿದ್ದೆ. ಉಕ್ತಿದೆ ಅಂದ್ರೆ ಲೈನು ತುಂಬಿದೆ ಅಂತ, ತಳ ಕಂಡಿದೆ ಅಂದ್ರೆ ಜಾಗ ಇದೆ ಅಂತ. ಸರಿ ತಾನೇ?"

"ಯಾಕೆ ಹೀಗೆ ಬಿಡಿಸಿ ಬಿಡಿಸಿ ಹೇಳ್ತಿದೀರಾ?"

"ಕೇಳೋರಿಗೆ ಅರ್ಥ ಆಗ್ಲಿ ಅಂತ."

"ಯಾರು ಕೇಳೋರು? ಅತ್ತಿಗೆ, ಯಾರು?"

"ಅದನ್ನ ಹೇಳೋ ಹಾಗಿಲ್ಲಪ್ಪ. ಮಧ್ಯೆ ಗೋಡೆ ಇದೆ."

ಫೋನು ಇಟ್ಟಳು. ಮೇಲ್ವಿಚಾರಕ ಚಹಾ ಕುಡಿಯುವುದನ್ನು ಮರೆತು ನಿಂತಿದ್ದ.

"ಲೈನಮ್ಮ, ನೀವೂ ಹೋದ್ರಲ್ಲ ಅವನ ಜೊತೆ."

"ನಮ್ಮೋರೇ ಮೊದಲು ಹೋಗ್ಬೇಕು ಸಾರ್. ಬೇರೆಯೋರು ಬಾಯಿ ಬಿಡಲ್ಲ." ಪೂರ್ವದ ಲೈನಿನ ಅಂಕಿಯನ್ನು ಎಲ್ಲರೂ ಕಾಣುವಂತೆ ಬೋರ್ಡಿಗೆ ಕಳಿಸಿದಳು.

ಸಂಜೆ ಮನೆಗೆ ಬರುವಾಗ ಹಾಲು ತಂದಳು. ಗಂಡ ಬಾಗಿಲಲ್ಲಿ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದ.

"ಹಾಲಾ? ಏನೇ ವಿಶೇಷ?"

"ಏನಿಲ್ಲ. ಬೇಕು ಅನ್ನಿಸ್ತು."

ಪಾತ್ರೆ ಇಟ್ಟು ಒಲೆ ಹಚ್ಚಿದಳು. ನೀಲಿ ಉರಿ ಸುತ್ತಲೂ ಎದ್ದಿತು. ಹೊರಗೆ ಕಾರು ನಿಂತ ಸದ್ದಾಯಿತು, ಗೇಟು ಕಿರುಗುಟ್ಟಿತು. "ಅಣ್ಣಾ" ಎಂದಿತು ಧ್ವನಿ, ಆಮೇಲೆ ಸ್ವಲ್ಪ ತಗ್ಗಿ, "ಅತ್ತಿಗೆ, ಒಂದು ಮಾತು."

ಗಂಡ ಒಂದು ಕಾಲಲ್ಲಿ ಬೂಟು, ಇನ್ನೊಂದು ಬರಿಗಾಲು, ಹಾಗೇ ಎದ್ದು ನಿಂತು ಒಳಗೆ ನೋಡಿದ.

"ಕೂತ್ಕೊಳ್ರೀ" ಎಂದಳು ಅವಳು, ತಿರುಗದೆ.

ಹಾಲಿನ ಮೇಲೆ ಕೆನೆ ನಡುಗಿತು. ಅಂಚಿಗೆ ಬಂದು, ನಿಂತಂತೆ ಮಾಡಿ, ತಲೆ ಎತ್ತಿತು. ಅವಳ ಬೆರಳು ಒಲೆಯ ಗುಂಡಿಯ ಮೇಲೆಯೇ ಇತ್ತು.