ಬದುವಿನ ಮೇಲೆ ಹಲಸು

ಹುಳಿಮಾವು ಕೆರೆಯ ಹಿಂದೆ, ಅಪಾರ್ಟ್‌ಮೆಂಟುಗಳ ನಡುವೆ, ಮುನಿಯಕ್ಕನ ಮನೆಯವರಿಗೆ ಇನ್ನೂ ಒಂದು ತುಂಡು ಹೊಲ ಉಳಿದಿತ್ತು. ಮನೆಮಂದಿ ಉಣ್ಣುವ ರಾಗಿ, ಅವರೆ, ಸೊಪ್ಪು ಎಲ್ಲ ಅಲ್ಲಿಯದೇ. ಗಂಡ ತೀರಿಕೊಂಡ ಮೇಲೂ, ಮಗಳು ಮದುವೆಯಾಗಿ ಹೋದ ಮೇಲೂ ಅವಳು ಮೈದುನ ಚಿನ್ನಪ್ಪನ ಜೊತೆ ಕೂಡಿಯೇ ಬೇಸಾಯ ಮಾಡುತ್ತಿದ್ದಳು. ಹೊಲ ಪಾಲಾಗಿರಲಿಲ್ಲ.

ಮುಂಗಾರು ಬಿದ್ದದ್ದೇ ಮುನಿಯಕ್ಕ ರಸ್ತೆಗೆ ತಾಗಿದ ಬಡಗಣ ಬದುವಿನುದ್ದಕ್ಕೂ ಹಲಸು, ಹೊಂಗೆ, ನುಗ್ಗೆ ನೆಟ್ಟಳು. ಮಾರನೇ ಬೆಳಿಗ್ಗೆ ಹೋಗಿ ನೋಡಿದರೆ ಸಸಿಗಳೆಲ್ಲ ಬೇರುಸಮೇತ ಕಿತ್ತು ಬಿದ್ದಿದ್ದವು. ಮೇಕೆ ಮೇಯ್ದದ್ದಾಗಿದ್ದರೆ ಬೇರು ಮಣ್ಣಲ್ಲೇ ಇರುತ್ತಿತ್ತು. ಅವಳು ಸೀದಾ ಚಿನ್ನಪ್ಪನ ಮನೆಗೆ ನಡೆದಳು.

"ನೀನೇ ಕಿತ್ತೆಯೇನೋ?"

"ಹೌದು ಅತ್ತಿಗೆ. ನೆರಳು ಬಿದ್ರೆ ರಾಗಿ ತೆನೆ ಕಟ್ಟಲ್ಲ."

"ತೆನೆ ಕಟ್ಟೋ ಕಾಲಕ್ಕೆ ಆ ಬದುವಿನ ನೆರಳು ರಸ್ತೆ ಕಡೆ ಬೀಳುತ್ತೆ. ಅದು ನಿಂಗೂ ಗೊತ್ತು. ನಿಜ ಹೇಳು."

ಚಿನ್ನಪ್ಪ ಮುಖ ತಿರುಗಿಸಿದ. "ಹಲಸು ತಲೆಮಾರುಗಟ್ಟಲೆ ನಿಲ್ಲುತ್ತೆ. ನಾಳೆ ನಿಮ್ಮ ಅಳಿಯ ಬಂದು, ಮರ ನಮ್ಮದು, ನೆಲಾನೂ ನಮ್ಮದು ಅಂದ್ರೆ?"

ಮುನಿಯಕ್ಕನಿಗೆ ಸಿಟ್ಟು ಬಂತು. ಆದರೆ ಅವನ ಮುಖದಲ್ಲಿದ್ದದ್ದು ಬರೀ ಹೆದರಿಕೆ.

"ಹಾಗಾದ್ರೆ ಮೊದಲು ಪಾಲು ಮಾಡ್ಕೊಳ್ಳೋಣ."

"ಮನೆ ಒಡೀತು ಅಂತಾರೆ ಅತ್ತಿಗೆ, ಊರವ್ರು."

"ಅನ್ನಲಿ ಬಿಡು. ಒಬ್ರಿಗೊಬ್ರು ಹೆದರ್ಕೊಂಡು ಒಂದು ಗಿಡಾನೂ ಬೆಳೆಸ್ದೆ ಕೂತಿದೀವಲ್ಲ, ಇದು ಚೆನ್ನಾಗಿದೆಯಾ?"

ಸರ್ವೇಯರ್ ಬಂದ, ಅಳೆದ, ಕಲ್ಲು ನೆಟ್ಟ. ಮುನಿಯಕ್ಕ ಬಡಗಣ ಭಾಗವನ್ನು ತಾನಾಗಿ ಕೇಳಿ ತೆಗೆದುಕೊಂಡಳು.

"ಅದು ಬರೀ ಕಲ್ಲುನೆಲ. ಊಟಕ್ಕೇನು ಮಾಡ್ತೀರ?" ಎಂದ ಚಿನ್ನಪ್ಪ. ಅವನ ದನಿ ಇಳಿದಿತ್ತು.

"ಅದರ ಇಳಿಜಾರಿನ ಕಡೆ ಮಣ್ಣು ಚೆನ್ನಾಗಿದೆ, ಅಲ್ಲಿ ರಾಗಿ ಹಾಕ್ತೀನಿ. ಕಲ್ಲಿರೋ ಕಡೆ ಮರ. ನಂಗೆ ಸಾಕು."

ಅದೇ ವಾರ ಮತ್ತೆ ಗುಂಡಿ ತೋಡಿ ಸಸಿ ನೆಟ್ಟಳು. ಈ ಸಲ ಸುತ್ತಲೂ ಮುಳ್ಳು ಕಟ್ಟಿದಳು. ಬೇಸಿಗೆಯಲ್ಲಿ ಬಿಂದಿಗೆ ಹೊತ್ತು ನೀರು ಹಾಕುತ್ತಿದ್ದವಳ ಬಳಿಗೆ ಒಂದು ಸಂಜೆ ಚಿನ್ನಪ್ಪ ತನ್ನ ಬೋರ್‌ವೆಲ್‌ನ ಪೈಪು ಎಳೆದುಕೊಂಡು ಬಂದ. ಒಂದೊಂದೇ ಬುಡಕ್ಕೆ ನೀರು ಬಿಟ್ಟ. ಅವಳು ಮುಂದಿನ ಗಿಡ ತೋರಿಸಿದಳು.

ಮುಂದಿನ ಮಳೆಗಾಲಕ್ಕೆ ನುಗ್ಗೆ ಕಾಯಿ ಬಿಟ್ಟಿತ್ತು, ಹಲಸು ಅವಳ ಎದೆಯೆತ್ತರಕ್ಕೆ ಬಂದಿತ್ತು. ಚಿನ್ನಪ್ಪ ಗುದ್ದಲಿ ಹಿಡಿದು ಬಂದು ನಿಂತ.

"ಅತ್ತಿಗೆ, ನನ್ನ ಕಡೆಗೂ ಒಂದು ಹಲಸು ಬೇಕು. ಎಲ್ಲಿ ತೋಡ್ಲಿ?"

ಮುನಿಯಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನ ಹೊಲದೊಳಕ್ಕೆ ನಡೆದಳು.