ಸೀರೆ ಅಂಗಡಿಗೆ ಬಂದ ಮಿಲ್ಲಿನ ದೀಪಗಳು

ಹಾಳುಬಿದ್ದ ಮಿಲ್ಲಿನ ದೀಪ ತಂದು ರೇಷ್ಮೆ ಸೀರೆ ಅಂಗಡಿಯಲ್ಲಿ ನೇತುಹಾಕುವವನನ್ನು ಬುದ್ಧಿವಂತ ಅನ್ನುವ ಕಾಲವೂ ಬಂತು ನೋಡಿ. ಹಿಂದೂಪುರದ ನಮ್ಮ ಅಂಗಡಿಗೆ ಅದು ಬಂದಿದ್ದು ತೊಂಬತ್ತಾರನೇ ಇಸವಿಯಲ್ಲಿ. ನಮ್ಮ ಅಂಗಡಿ ಅನ್ನುವುದು ಬಾಯಿಮಾತಿಗೆ. ಯಜಮಾನರು ತೋಟಪ್ಪನವರು, ನಾನು ಮೂವತ್ತು ವರ್ಷ ಅಲ್ಲಿ ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ತೋರಿಸಿದ ಪಾಪಯ್ಯ. ತೋಟಪ್ಪನವರು ತೀರಿಕೊಂಡ ಮೇಲೆ ಅವರ ಮಗ ಜಯಣ್ಣ ಗಲ್ಲಾದಲ್ಲಿ ಕೂತ. ವರ್ಷ ತುಂಬುವ ಮೊದಲೇ ಬೆಂಗಳೂರಿನಿಂದ ಒಬ್ಬ ಡೆಕೊರೇಟರನ್ನು ಕರೆಸಿದ.

ಆ ಮನುಷ್ಯ ಬಂದವನೇ ನಮ್ಮ ಟ್ಯೂಬ್‌ಲೈಟುಗಳನ್ನು ನೋಡಿ ಮೂಗು ಮುರಿದ. ಪರಿಗಿ ರಸ್ತೆಯಲ್ಲಿ ಮುಚ್ಚಿಹೋಗಿದ್ದ ಕಡಲೆಕಾಯಿ ಎಣ್ಣೆ ಮಿಲ್ಲಿಗೆ ಹೋಗಿ, ಗುಜರಿಯವನಿಗೂ ಬೇಡವಾಗಿದ್ದ ಹಸಿರು ತಗಡಿನ ಶೇಡುಗಳನ್ನು ಕಿತ್ತು ತಂದ. ಜೊತೆಗೊಂದು ಕಬ್ಬಿಣದ ರಾಟೆ, ಒಂದಿಷ್ಟು ಸರಪಳಿ. ತುಕ್ಕು ಇದ್ದ ಕಡೆ ವಾರ್ನಿಶ್ ಬಳಿದ, ಇಲ್ಲದ ಕಡೆ ತುಕ್ಕಿನ ಬಣ್ಣವನ್ನೇ ಬಳಿದ. ಕಣ್ಣಾರೆ ನೋಡಿದ್ದೇನೆ. ಇದಕ್ಕೆಲ್ಲ ಅವನಿಟ್ಟ ಹೆಸರು ವಿಂಟೇಜ್. ನಮ್ಮ ಕಡೆ ಇದಕ್ಕೆ ದರಿದ್ರ ಅನ್ನುತ್ತಾರೆ. ಟ್ಯೂಬ್‌ಲೈಟು ತೆಗೆಸಿ, ಒಂದೊಂದು ಶೇಡಿಗೆ ನಲವತ್ತು ವಾಟಿನ ಒಂದೊಂದು ಹಳದಿ ಬಲ್ಬು ಹಾಕಿಸಿದ.

ಕಸ ಗುಡಿಸಲು ಬರುತ್ತಿದ್ದ ನಾರಮ್ಮ ಅದೇ ಮಿಲ್ಲಿನಲ್ಲಿ ಹದಿನೈದು ವರ್ಷ ಕಡಲೆಬೀಜ ಆರಿಸಿದವಳು. ತಲೆಯೆತ್ತಿ ನೋಡಿದವಳೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಇವು ಇಲ್ಲಿಗೂ ಬಂದ್ಬುಟ್ವಾ? ಇವುಗಳ ಕೆಳಗೇ ಕಣಪ್ಪ ನನ್ ಕಣ್ಣು ಹೋಗಿದ್ದು."

ಜಯಣ್ಣ ನಕ್ಕ. ಯಾವುದಕ್ಕೆ ನಗಬೇಕು ಅನ್ನುವುದು ಅವನಿಗೆ ಚಿಕ್ಕಂದಿನಿಂದಲೂ ಗೊತ್ತಿಲ್ಲ.

ರೇಷ್ಮೆಯ ಬಣ್ಣವನ್ನು ದೀಪದ ಬೆಳಕಿನಲ್ಲಿ ನಂಬುವ ಹಾಗಿಲ್ಲ. ಗಿರಾಕಿ ಸೀರೆ ಒಪ್ಪಿದ ಮೇಲೆ ಅದನ್ನು ಬಾಗಿಲಿಗೆ ಒಯ್ದು, ಹಗಲು ಬೆಳಕಿನಲ್ಲಿ ಒಮ್ಮೆ ತೋರಿಸಿ ಆಮೇಲೆ ಮಡಚುವುದು ನನ್ನ ಪದ್ಧತಿ. ಜನ ನನ್ನನ್ನು ಹುಡುಕಿಕೊಂಡು ಬರುತ್ತಿದ್ದುದೇ ಅದಕ್ಕೆ. ಕಲ್ಯಾಣದುರ್ಗದ ಕೊಂಡಮ್ಮನವರಂತೂ ಮನೆಮನೆಗೂ ಮಗ್ಗವಿರುವ ಧರ್ಮಾವರವನ್ನು ಬಿಟ್ಟು ಹಿಂದೂಪುರಕ್ಕೆ ಬರುತ್ತಿದ್ದರು. ಅವರ ಮೂರು ಹೆಣ್ಣುಮಕ್ಕಳ ಧಾರೆ ಸೀರೆಗಳೂ ನನ್ನ ಕೈಯಿಂದಲೇ ಹೋಗಿದ್ದವು.

ಸೀರೆ ಹೊರಗೆ ಒಯ್ದರೆ ಅಂಗಡಿಯ ಮೂಡ್ ಹಾಳಾಗುತ್ತದೆ ಅಂತ ಡೆಕೊರೇಟರು ಅಪ್ಪಣೆ ಕೊಡಿಸಿದ. ಜಯಣ್ಣ ಅದನ್ನು ನನಗೆ ದಾಟಿಸಿದ.

"ಪಾಪಯ್ಯ, ಇನ್ನೊಂದ್ ಸಲ ಸೀರೆ ಬಾಗಿಲಿಗೆ ತಕ್ಕೊಂಡ್ ಹೋದ್ರೆ, ನೀನೂ ಅಂಗೇ ಮನೆಗೆ ಹೋಗ್ತಾ ಇರು."

ಚಡ್ಡಿ ಹಾಕಿಕೊಂಡು ನನ್ನ ತೊಡೆಯ ಮೇಲೆ ಕೂತು ಪೆಪ್ಪರಮೆಂಟು ತಿಂದವನ ಬಾಯಲ್ಲಿ ಈ ಮಾತು! ಆದರೆ ನನಗೆ ಐವತ್ತೆಂಟು. ಈ ವಯಸ್ಸಿನಲ್ಲಿ ಇನ್ನಾವ ಅಂಗಡಿಯವನು ಕರೆದು ಗಾದಿಯ ಮೇಲೆ ಕೂರಿಸುತ್ತಾನೆ?

ಆ ವಾರವೇ ಕೊಂಡಮ್ಮನವರು ಮೊಮ್ಮಗಳ ಮದುವೆಗೆ ಧಾರೆ ಸೀರೆ ಕೊಳ್ಳಲು ಬಂದರು. ಅವರ ಕಣ್ಣಿಗೆ ಪೊರೆ ಬಂದಿತ್ತು. ಹಿಂದಿನ ದಿನವಷ್ಟೇ ಬಂದಿದ್ದ ಹೊಸ ಗಂಟಿನಿಂದ ಅರಿಶಿನ ಬಣ್ಣದ ಒಂದು ಸೀರೆ ತೆಗೆದೆ. ಒಡಲು ಚೆನ್ನಾಗಿತ್ತು. ಅಗಲವಾದ ಅಂಚು ಮಾತ್ರ ಕಪ್ಪಗೆ ಕಂಡಿತು. ಆ ಹಾಳು ದೀಪದಲ್ಲಿ ಕಡುಹಸಿರೂ ಕಪ್ಪೇ, ಕಡುನೀಲಿಯೂ ಕಪ್ಪೇ. ಧಾರೆ ಸೀರೆಗೆ ಕಪ್ಪು ಸೋಕಬಾರದು ಅನ್ನುವುದು ನಮ್ಮಲ್ಲಿ ಕೂಸಿಗೂ ಗೊತ್ತು.

"ಅಂಚು ಯಾವ ಬಣ್ಣ ಪಾಪಯ್ಯ?" ಅಂತ ಕೇಳಿದರು.

ಏಳಲು ಹೊರಟೆ. ಗಲ್ಲಾದಿಂದ ಜಯಣ್ಣ ದುರುಗುಟ್ಟಿ ನೋಡಿದ. ಬಾಗಿಲು ಹನ್ನೆರಡು ಹೆಜ್ಜೆ ಇತ್ತು, ಅಷ್ಟೇ. ಮತ್ತೆ ಕೂತೆ.

"ಹಸಿರು ಕಣಕ್ಕ. ಕಡುಹಸಿರು."

"ನೀನ್ ನೋಡಿದ್ರೆ ಆಯ್ತು ಬಿಡಪ್ಪ. ಕಟ್ಟು."

ಮದುವೆಯ ಹಿಂದಿನ ದಿನ ಬೆಳಗ್ಗೆ ಕಲ್ಯಾಣದುರ್ಗದಿಂದ ಫೋನು ಬಂತು. ಅಂಗಳದಲ್ಲಿ ಸೀರೆ ಬಿಚ್ಚಿದ್ದಾರೆ, ಅಂಚು ಅಪ್ಪಟ ಕಪ್ಪು. ಜಯಣ್ಣ ಫೋನಿಟ್ಟು ನನ್ನ ಕಡೆ ತಿರುಗಿದ.

"ಕರೀದು ಈಗ ಫ್ಯಾಷನ್ನು ಕಣಯ್ಯ. ಆ ಮುದುಕಿಗೆ ಏನ್ ಗೊತ್ತಾಯ್ತದೆ? ಇನ್ನೊಂದ್ ಕೊಟ್ ಬಾ, ಹೋಗು."

ದೀಪದ ಮಾತೇ ಎತ್ತಲಿಲ್ಲ. ತಲೆಯಲ್ಲಿ ಏನಾದರೂ ಇದ್ದರೆ ತಾನೇ ಎತ್ತುವುದು. ನಾನು ಕುಂಕುಮ ಬಣ್ಣದ ಅಂಚಿನ ಒಂದು ಸೀರೆ ಆರಿಸಿ, ಅವನ ಕಣ್ಣೆದುರೇ ಬೀದಿಗೆ ಒಯ್ದು, ಬಿಸಿಲಿನಲ್ಲಿ ಪೂರ್ತಿ ಬಿಚ್ಚಿ ನೋಡಿ ಮಡಚಿದೆ. ಅವನು ತುಟಿ ಬಿಚ್ಚಲಿಲ್ಲ. ಆ ದಿನವೂ ಹೀಗೇ ಎದ್ದು ಹೋಗಿದ್ದರೆ ಬಹುಶಃ ಏನೂ ಅನ್ನುತ್ತಿರಲಿಲ್ಲ.

ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೈದೆ. ಜಯಣ್ಣನನ್ನು ಬೈದೆ, ತುಕ್ಕಿಗೆ ಬಣ್ಣ ಬಳಿದವನನ್ನು ಬೈದೆ, ಆ ಮಿಲ್ಲು ಕಟ್ಟಿದವನನ್ನೂ ಬಿಡಲಿಲ್ಲ. ಕಲ್ಯಾಣದುರ್ಗದಲ್ಲಿ ಇಳಿಯುವ ಹೊತ್ತಿಗೆ ಕೊಂಡಮ್ಮನವರಿಗೆ ಹೇಳಬೇಕಾದ್ದೆಲ್ಲ ಬಾಯಿಪಾಠ ಆಗಿತ್ತು.

ಚಪ್ಪರದ ಕೆಳಗೆ ಕೂತಿದ್ದ ಅವರಿಗೆ ಅಷ್ಟನ್ನೂ ಹೇಳಿದೆ. ನಡುವೆ ಬಾಯಿ ಹಾಕದೆ ಕೇಳಿದರು.

"ಆ ಹುಡುಗುನ್ಗೆ ಬುದ್ಧಿ ಇಲ್ಲ ಕಣಪ್ಪ, ಒಪ್ಕಂತೀನಿ. ನಿಂಗೆ ಅವತ್ತೇ ಅನುಮಾನ ಬಂದಿತ್ತಾ, ಇಲ್ವಾ? ಅಷ್ಟು ಹೇಳು."

ಇಲ್ಲ ಅಂದಿದ್ದರೆ ನಂಬುತ್ತಿದ್ದರು. ಅದಕ್ಕೇ ಇಲ್ಲ ಅನ್ನಲು ಆಗಲಿಲ್ಲ.

"ಬಂದಿತ್ತಕ್ಕ."

"ಸರೇ," ಅಂದರು. ಬೈಯಲಿಲ್ಲ. "ಬಿಸಿಲಲ್ಲಿ ಬಂದಿದ್ದೀಯ, ಉಂಡು ಹೋಗು."

ನನ್ನ ಕೈಯಿಂದ ಸೀರೆ ತೆಗೆದುಕೊಂಡು ಮನೆಯ ಕಡೆ ತಿರುಗಿ ಕೂಗಿದರು. "ಸುವರ್ಣಾ, ಬಾಮ್ಮ ಇಲ್ಲಿ. ಇದನ್ನ ಆಚೆ ತಕ್ಕೊಂಡ್ ಹೋಗಿ ಸರಿಯಾಗಿ ನೋಡು."

ಸುವರ್ಣಮ್ಮ ಅವರ ಹಿರಿಮಗಳು, ಮದುಮಗಳ ತಾಯಿ. ಇಪ್ಪತ್ತು ವರ್ಷದ ಹಿಂದೆ ನಾನು ಕೊಟ್ಟ ಸೀರೆಯಲ್ಲೇ ಧಾರೆಗೆ ಕೂತವಳು. ಅಂದಿನಿಂದ ಇಂದಿನವರೆಗೆ ನಾನು ಕಟ್ಟಿಕೊಟ್ಟ ಸೀರೆಯನ್ನು ಕೊಂಡಮ್ಮನವರು ಇನ್ನೊಬ್ಬರಿಂದ ನೋಡಿಸಿದ್ದಿಲ್ಲ. ಇನ್ನು ಯಾರನ್ನು ಅಂತ ಬೈಯಲಿ? ಬೈಯಬೇಕಾದವನು ಚಪ್ಪರದ ಕೆಳಗೆ ಕೈಕಟ್ಟಿಕೊಂಡು ನಿಂತಿದ್ದ. ಸುವರ್ಣಮ್ಮ ಅವಸರ ಮಾಡದೆ ಸೆರಗು ಬಿಚ್ಚಿದಳು, ಅಂಚನ್ನು ಕಣ್ಣಿನ ಹತ್ತಿರ ಹಿಡಿದಳು, ತಿರುಗಿಸಿ ಹಿಂಬದಿಯನ್ನೂ ನೋಡಿದಳು.

"ಸರಿಯಾಗೈತೆ ಕಣಮ್ಮ," ಅಂತ ಆಕೆ ಕೂಗಿ ಹೇಳಿದ ಮೇಲೆಯೇ ಕೊಂಡಮ್ಮನವರು ಸೀರೆಯ ಮೂಲೆಗೆ ಹಚ್ಚಲು ಅರಿಶಿನದ ತಟ್ಟೆ ತರಿಸಿದರು.